ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್: ಮಲೆನಾಡಿನ ಹೊಸ ಬಳಕೆದಾರರಿಗಾಗಿ ಒಂದು ವಿಮರ್ಶೆ

ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲದ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಲ್ಲಿ ಇನ್ನೂ ಚೆನ್ನಾಗಿಯೇ ಓಡುತ್ತಿರುವ ಎಷ್ಟೋ ಲ್ಯಾಪ್‌ಟಾಪುಗಳ ಗತಿ ಏನೆಂಬ ಪ್ರಶ್ನೆ ಎದ್ದಿದೆ. ವಿಂಡೋಸ್ 11 ಅಧಿಕೃತವಾಗಿ ಹಾಕಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇರಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನದೋ ಅದಕ್ಕಿಂತ ಈಚಿನದೋ ಆಗಿರಬೇಕು. ನಮ್ಮ ಚಿಕ್ಕಪ್ಪನವರ ಯಂತ್ರ ಆರನೆಯ ತಲೆಮಾರಿನ ಐ3, ರ‍್ಯಾಮ್ 4 ಜಿಬಿ. ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದ್ದರಿಂದ ಅದಕ್ಕೆ ಇನ್ನೂ ಹಲವು ವರ್ಷದ ಆಯುಷ್ಯವಿತ್ತು. ಅದರಲ್ಲಿ ವಿಂಡೋಸಿನ ಬದಲು ಬಳಸಬಹುದಾದ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆಯನ್ನು ಸ್ಥಾಪಿಸಿ, ತೋಟದ ಲೆಕ್ಕ, ಪತ್ರ ವ್ಯವಹಾರ, ಬ್ಯಾಂಕಿನ ಕೆಲಸ ಎಲ್ಲವನ್ನೂ ಅದರಲ್ಲೇ ನಡೆಸಿ ನೋಡಿದ ಅನುಭವದ ಮೇಲೆ ಇದನ್ನು ಬರೆಯುತ್ತಿದ್ದೇನೆ.

1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಬರೆಯತೊಡಗಿದ ಲಿನಕ್ಸ್ ಕರ್ನಲ್ಲಿನ, ಅಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶದ ಮೇಲೆ ಕಟ್ಟಿದ ನೂರಾರು ವ್ಯವಸ್ಥೆಗಳು ಇಂದು ಉಚಿತವಾಗಿ ಸಿಗುತ್ತವೆ. ಅವನ್ನು ಡಿಸ್ಟ್ರೊ ಎನ್ನುತ್ತಾರೆ. ಹೊಸಬರು ತಡವರಿಸುವುದು ಈ ಆಯ್ಕೆಯಲ್ಲಿಯೇ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ, ಕೆಟ್ಟರೆ ತೋರಿಸಲು ಶಿವಮೊಗ್ಗದವರೆಗೆ ಹೋಗಬೇಕಾದ ಊರಿನಲ್ಲಿ ಎರಡು ಸಂಗತಿಗಳನ್ನು ಮುಖ್ಯವಾಗಿ ನೋಡಬೇಕೆಂದು ನನ್ನ ಅಭಿಪ್ರಾಯ: ಅದು ಕೇಳದೆ ಡೇಟಾ ಎಳೆಯಬಾರದು, ಏನಾದರೂ ಎಡವಟ್ಟಾದರೆ ಹಿಂದಿನ ಸ್ಥಿತಿಗೆ ಮರಳುವ ದಾರಿ ಇರಬೇಕು. ಫೆಡೊರಾ ಒಳ್ಳೆಯ ವ್ಯವಸ್ಥೆಯೇ ಆದರೂ ಅದರ ಪ್ರತಿ ಆವೃತ್ತಿಗೆ ಸುಮಾರು 13 ತಿಂಗಳಷ್ಟೇ ಬೆಂಬಲವಿರುವುದರಿಂದ ವರ್ಷಕ್ಕೊಮ್ಮೆಯಾದರೂ ದೊಡ್ಡ ಡೌನ್‌ಲೋಡ್ ತಪ್ಪುವುದಿಲ್ಲ. ಉಬುಂಟು 24.04ರ ಸ್ಥಾಪನಾ ಫೈಲ್ ಸುಮಾರು 6 ಜಿಬಿ. ಜೊತೆಗೆ ಅದರಲ್ಲಿ ಸ್ನ್ಯಾಪ್ ಎಂಬ ರೂಪದಲ್ಲಿ ಬರುವ ತಂತ್ರಾಂಶಗಳು ತಾವಾಗಿಯೇ ಅಪ್‌ಡೇಟ್ ಆಗುತ್ತಿರುತ್ತವೆ. ಡೆಬಿಯನ್ನಿನ ಸ್ಥಿರತೆಯ ಬಗ್ಗೆ ನನಗೆ ಅಪಾರ ಗೌರವವಿದೆ, ಆದರೆ ಮೊದಲ ಸಲ ಕೂತವರಿಗೆ ಅದರ ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳು ಹೆಚ್ಚು.

2006ರಲ್ಲಿ ಆರಂಭವಾದ ಮಿಂಟ್ ಈ ಎರಡು ಸಂಗತಿಗಳಲ್ಲೂ ಗೆಲ್ಲುತ್ತದೆ. ಅದರ 22ನೆಯ ಸರಣಿ ಉಬುಂಟು 24.04ನ್ನೇ ಆಧರಿಸಿದ್ದು 2029ರವರೆಗೆ ಬೆಂಬಲ ಪಡೆದಿದೆ. ಡೌನ್‌ಲೋಡ್ ಸುಮಾರು 3 ಜಿಬಿ. ಅದರ ಅಪ್‌ಡೇಟ್ ಮ್ಯಾನೇಜರ್ ಏನೇನು ಬಂದಿದೆ, ಒಟ್ಟು ಎಷ್ಟು ಎಂಬಿ ಆಗುತ್ತದೆ ಎಂದು ತೋರಿಸಿ, ನಾವಾಗಿ ಒಪ್ಪಿಗೆ ಕೊಡುವವರೆಗೆ ಕಾಯುತ್ತದೆ. ಮೊಬೈಲಿನ ಡೇಟಾವನ್ನೇ ನೆಚ್ಚಿಕೊಂಡವರಿಗೆ ಇದು ದೊಡ್ಡ ಉಪಕಾರ. ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಎಂಬ ಮೂರು ರೂಪಗಳಲ್ಲಿ ಸಿನಮನ್ ನೋಡಲು ವಿಂಡೋಸಿಗೆ ಹತ್ತಿರ. ಕನಿಷ್ಠ 2 ಜಿಬಿ, ಆರಾಮವಾಗಿ ಬಳಸಲು 4 ಜಿಬಿ ರ‍್ಯಾಮ್ ಎಂದು ಮಿಂಟ್ ಹೇಳುತ್ತದಾದರೂ, 4 ಜಿಬಿಯಲ್ಲಿ ಸಿನಮನ್ ಹಾಕಿ ಬ್ರೌಸರಿನಲ್ಲಿ ನಾಲ್ಕಾರು ಟ್ಯಾಬ್ ತೆರೆದರೆ ಎಳೆದಾಡುತ್ತದೆ. ನಾನು ಆರಿಸಿದ್ದು ಎಕ್ಸ್‌ಎಫ್‌ಸಿಇ. ಅದೇ ಯಂತ್ರದಲ್ಲಿ ಅದು ಸಲೀಸಾಗಿ ಓಡುತ್ತಿದೆ.

ಡೌನ್‌ಲೋಡ್ ಮಾಡುವಾಗ ಟೊರೆಂಟ್ (ಫೈಲನ್ನು ತುಣುಕು ತುಣುಕಾಗಿ ತರುವ ವಿಧಾನ) ಆರಿಸಿಕೊಳ್ಳಿ. ಮಧ್ಯದಲ್ಲಿ ಲೈನ್ ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ, ಬಂದ ಫೈಲ್ ಸರಿಯಿದೆಯೇ ಎಂದು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಆ ಐಎಸ್‌ಒ ಫೈಲನ್ನು ಪೆನ್‌ಡ್ರೈವಿಗೆ ಸುಮ್ಮನೆ ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ; ರುಫಸ್ ಅಥವಾ ಎಚರ್‌ನಂಥ ತಂತ್ರಾಂಶದಿಂದ ಬರೆಯಬೇಕು, ಹಾಗೆ ಬರೆಯುವಾಗ ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದು ಅಳಿಸಿಹೋಗುತ್ತದೆ. ಆಮೇಲೆ ಲ್ಯಾಪ್‌ಟಾಪ್ ಆನ್ ಮಾಡುವಾಗ ಎಫ್12 ಅಥವಾ ಎಫ್9, ಕಂಪನಿಗೆ ತಕ್ಕಂತೆ ಒಂದು ಕೀಲಿ ಒತ್ತಿ ಪೆನ್‌ಡ್ರೈವಿನಿಂದಲೇ ಆರಂಭಿಸಿದರೆ, ಡಿಸ್ಕಿನಲ್ಲಿರುವ ಯಾವುದನ್ನೂ ಮುಟ್ಟದೆ ಮಿಂಟ್ ಪೂರ್ತಿ ತೆರೆದುಕೊಳ್ಳುತ್ತದೆ. ಈ ಹಂತದಲ್ಲಿ ದಯವಿಟ್ಟು ಅವಸರ ಮಾಡಬೇಡಿ. ವೈಫೈ, ಸ್ಪೀಕರ್, ಟಚ್‌ಪ್ಯಾಡ್, ಪರದೆಯ ಬೆಳಕು ಒಂದೊಂದನ್ನೂ ನೋಡಿ. ವೈಫೈ ಸಿಗದಿದ್ದರೂ ಹೆದರಬೇಕಾಗಿಲ್ಲ: ಯುಎಸ್‌ಬಿ ಕೇಬಲ್ಲಿನಿಂದ ಮೊಬೈಲ್ ಜೋಡಿಸಿ ಟೆದರಿಂಗ್ ಮಾಡಿದರೆ ಇಂಟರ್ನೆಟ್ ಬರುತ್ತದೆ, ಮುಂದೆ ಡ್ರೈವರ್ ಮ್ಯಾನೇಜರ್ ತೆರೆದು ಬೇಕಾದ ಡ್ರೈವರ್ ಹಾಕಿಕೊಳ್ಳಬಹುದು.

ಸ್ಥಾಪನೆಗೆ ಇಂಟರ್ನೆಟ್ ಕಡ್ಡಾಯವಲ್ಲ, ಕರೆಂಟು ಮಾತ್ರ ಕಡ್ಡಾಯ. ಬ್ಯಾಟರಿ ತುಂಬಿಸಿ, ಚಾರ್ಜರ್ ಹಾಕಿಕೊಂಡೇ ಕೂರಬೇಕು. ಡಿಸ್ಕಿನ ಭಾಗಗಳ ಗಾತ್ರ ಬದಲಾಗುತ್ತಿರುವ ಹೊತ್ತಿಗೆ ಯಂತ್ರ ಆರಿದರೆ ಒಳಗಿನ ಫೈಲುಗಳು ಹಾಳಾಗಬಹುದು. ಬ್ಯಾಟರಿ ಸತ್ತುಹೋದ ಹಳೆಯ ಲ್ಯಾಪ್‌ಟಾಪ್ ಆದರೆ ಯುಪಿಎಸ್ ಇರುವಲ್ಲಿಯೇ ಈ ಕೆಲಸ ಇಟ್ಟುಕೊಳ್ಳಿ. ಫೋಟೊ, ಪಹಣಿ ಪ್ರತಿ, ಲೆಕ್ಕದ ಫೈಲುಗಳು ಮೊದಲೇ ಬೇರೊಂದು ಡಿಸ್ಕಿಗೆ ಹೋಗಿರಬೇಕು. ವಿಂಡೋಸ್ ಉಳಿಸಿಕೊಳ್ಳುವವರು ಅದರ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನು ಆಫ್ ಮಾಡಿ, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಂಡು ಮುಂದುವರಿಯಬೇಕು. ಭಾಷೆ, ಕೀಲಿಮಣೆ ಮುಗಿದ ಮೇಲೆ ಬರುವ ಪರದೆಯೇ ಇಡೀ ಕೆಲಸದ ಗಂಡಾಂತರದ ಜಾಗ. ವಿಂಡೋಸಿನ ಪಕ್ಕದಲ್ಲಿ ಸ್ಥಾಪಿಸುವುದು, ಡಿಸ್ಕನ್ನೆಲ್ಲ ಅಳಿಸಿ ಸ್ಥಾಪಿಸುವುದು, ಬೇರೇನೋ ಎಂಬ ಆಯ್ಕೆಗಳು ಅಲ್ಲಿ ಒಂದರ ಕೆಳಗೊಂದು ಇರುತ್ತವೆ. ಎರಡನೆಯದು ಸಿ, ಡಿ ಎಂದು ಭೇದ ಮಾಡದೆ ಡಿಸ್ಕಿನಲ್ಲಿರುವ ಎಲ್ಲವನ್ನೂ ಅಳಿಸುತ್ತದೆ. ‘ಡಿ ಡ್ರೈವಿನಲ್ಲಿದ್ದದ್ದು ಉಳಿಯುತ್ತದೆ’ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಪಕ್ಕದಲ್ಲಿ ಸ್ಥಾಪಿಸುವ ಆಯ್ಕೆಯೇ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ, ತಿಳಿದವರನ್ನು ಕೇಳಿ. ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯ ಇರುವ ಯಂತ್ರದಲ್ಲಿ ವಿಡಿಯೊ, ಹಾಡು ನಡೆಸಲು ಬೇಕಾದ ಮಲ್ಟಿಮೀಡಿಯಾ ಕೋಡೆಕ್ ಟಿಕ್ ಮಾಡಿದರೆ ಒಂದು ಪಾಸ್‌ವರ್ಡ್ ಕೇಳುತ್ತದೆ. ಮರುಪ್ರಾರಂಭದಲ್ಲಿ ಬರುವ ನೀಲಿ ಪರದೆಯಲ್ಲಿ ಎನ್‌ರೋಲ್ ಎಂಬುದನ್ನು ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ನೀಲಿ ಪರದೆ ನೋಡಿ ಯಂತ್ರ ಕೆಟ್ಟಿತೆಂದು ಗಾಬರಿಯಾಗುವ ಅಗತ್ಯವಿಲ್ಲ.

“ಕನ್ನಡ ಟೈಪ್ ಆಗ್ತದ ಇಲ್ವ ಹೇಳು ಮಾರಾಯ, ಬಾಕಿದ್ದೆಲ್ಲ ಆಮೇಲೆ,” ಎಂದಿದ್ದರು ಚಿಕ್ಕಪ್ಪ. ಆಗುತ್ತದೆ, ಅಚ್ಚುಕಟ್ಟಾಗಿ ಆಗುತ್ತದೆ. ಬೇರೆ ಭಾಷೆಗಳಲ್ಲಿ ಟೈಪ್ ಮಾಡಲು ನೆರವಾಗುವ ಐಬಸ್ ತಂತ್ರಾಂಶ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿ, ಕನ್ನಡದ ಕೆಳಗೆ ಕೆಜಿಪಿ ಎಂಬ ಕೀಲಿಮಣೆ ವಿನ್ಯಾಸವನ್ನು ಸೇರಿಸಿದರೆ, ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳುಗಳು ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ. ಎಚ್, ಶಿಫ್ಟ್ ಸಹಿತ ಎಲ್, ಒತ್ತಿಗೆ ಎಫ್, ಮತ್ತೆ ಶಿಫ್ಟ್ ಸಹಿತ ಎಲ್, ಕೊನೆಗೆ ಐ ಒತ್ತಿದರೆ ‘ಹಳ್ಳಿ’ ಮೂಡುತ್ತದೆ. ಗುಬ್ಬಿ, ನವಿಲು ಎಂಬ ಸೊಗಸಾದ ಫಾಂಟುಗಳೂ ಮಿಂಟಿನ ತಂತ್ರಾಂಶ ಭಂಡಾರದಲ್ಲಿಯೇ ಸಿಗುತ್ತವೆ. ತೊಂದರೆ ಇರುವುದು ಹಳೆಯ ಕಡತಗಳಲ್ಲಿ. ಯುನಿಕೋಡ್ ಬಳಕೆಗೆ ಮೊದಲಿನ ನುಡಿ ಫಾಂಟಿನಲ್ಲಿ ಮಾಡಿದ ಅರ್ಜಿ, ಕರಾರು, ಸಂಘದ ನಡಾವಳಿಗಳನ್ನು ಪತ್ರ, ಲೆಕ್ಕದ ತಂತ್ರಾಂಶವಾದ ಲಿಬ್ರೆ ಆಫೀಸಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಅವನ್ನು ಯುನಿಕೋಡಿಗೆ ಪರಿವರ್ತಿಸಿಕೊಂಡು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಿನಿಂದ ತಿದ್ದಲೇಬೇಕು. ಮಿಂಟಿನ ಮೆನುಗಳ ಕನ್ನಡ ಅನುವಾದವೂ ಅರೆಬರೆಯಾಗಿದೆ. ಮೆನುವನ್ನು ಇಂಗ್ಲಿಷಿನಲ್ಲಿಟ್ಟು ಬರವಣಿಗೆಗೆ ಮಾತ್ರ ಕನ್ನಡ ಬಳಸುವುದೇ ಸದ್ಯಕ್ಕೆ ಅನುಕೂಲ. ಇದು ನನಗೆ ನಿಜವಾಗಿಯೂ ಬೇಸರ ತಂದ ಕೊರತೆ.

ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಒಂದೇ ತಂತ್ರಾಂಶ ಹಲವು ಸಲ ಸಿಸ್ಟಮ್ ಪ್ಯಾಕೇಜ್, ಫ್ಲಾಟ್‌ಪ್ಯಾಕ್ ಎಂದು ಎರಡು ರೂಪದಲ್ಲಿ ಸಿಗುತ್ತದೆ. ಫ್ಲಾಟ್‌ಪ್ಯಾಕ್ ಮೊದಲ ಸಲ ತನ್ನ ಜೊತೆಗೆ ನೂರಾರು ಎಂಬಿ ಎಳೆದು ತರುವುದರಿಂದ, ಡೇಟಾ ಕಡಿಮೆ ಇರುವವರು ಸಿಸ್ಟಮ್ ಪ್ಯಾಕೇಜನ್ನೇ ಆರಿಸುವುದು ಮೇಲು. ಸ್ಥಾಪನೆಯಾದ ದಿನವೇ ಟೈಮ್‌ಶಿಫ್ಟ್ ತೆರೆದು ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ: ಮುಂದೆ ಯಾವುದೋ ಅಪ್‌ಡೇಟಿನಿಂದ ತೊಂದರೆಯಾದರೆ ವ್ಯವಸ್ಥೆಯನ್ನು ಆ ದಿನದ ಸ್ಥಿತಿಗೆ ತರಬಹುದು, ಪೆನ್‌ಡ್ರೈವಿನಿಂದ ಬೂಟ್ ಮಾಡಿಯೂ ತರಬಹುದು. ಆದರೆ ಅದು ನಮ್ಮ ಸ್ವಂತ ಫೋಟೊ, ಕಡತಗಳನ್ನು ತಾನಾಗಿ ಕಾಪಾಡುವುದಿಲ್ಲ. ಅವುಗಳ ಬ್ಯಾಕಪ್ ಬೇರೆಯೇ ಮಾಡಿಕೊಳ್ಳಬೇಕು.

ಟ್ಯಾಲಿಯಲ್ಲಿ ಲೆಕ್ಕ ಇಡುವ ಅಂಗಡಿಕಾರರಿಗೆ, ವಿಂಡೋಸಿಗೆಂದೇ ಮಾಡಿದ ತಂತ್ರಾಂಶವನ್ನು ದಿನವೂ ಬಳಸುವವರಿಗೆ ನಾನು ಮಿಂಟ್ ಒಂದನ್ನೇ ಹಾಕಿ ಎಂದು ಹೇಳಲಾರೆ. ಅವರು ಎರಡನ್ನೂ ಒಂದೇ ಡಿಸ್ಕಿನಲ್ಲಿ ಇಟ್ಟುಕೊಳ್ಳಬಹುದು, ಅದಕ್ಕೆ ಮಿಂಟಿಗೆ ಕನಿಷ್ಠ 20 ಜಿಬಿ ಸಾಕಾದರೂ 100 ಜಿಬಿ ಬಿಟ್ಟರೆ ನೆಮ್ಮದಿ. ಪ್ರಿಂಟರಿನ ವಿಷಯದಲ್ಲೂ ಎಚ್ಚರ ಬೇಕು: ಈಚಿನ ಬಹುಪಾಲು ಪ್ರಿಂಟರುಗಳು ಜೋಡಿಸಿದ ಕೂಡಲೇ ಕೆಲಸ ಮಾಡುತ್ತವೆ, ಆದರೆ ಹಳೆಯ ಕೆಲವು ಲೇಸರ್ ಪ್ರಿಂಟರುಗಳ ಡ್ರೈವರ್ ಹೊಂದಿಸುವುದು ಹೊಸಬರ ಕೈಲಾಗುವ ಕೆಲಸವಲ್ಲ. ಹಳೆಯ ಲ್ಯಾಪ್‌ಟಾಪನ್ನೋ ಪ್ರಿಂಟರನ್ನೋ ಕೊಳ್ಳಲು ಶಿವಮೊಗ್ಗಕ್ಕೆ ಹೊರಟರೆ ಮಿಂಟ್ ಬರೆದ ಪೆನ್‌ಡ್ರೈವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅಂಗಡಿಯವರಿಗೆ ವಿಷಯ ತಿಳಿಸಿ, ಅವರೆದುರಿಗೇ ಲೈವ್ ಆಗಿ ನಡೆಸಿ, ವೈಫೈ ಸಿಗುತ್ತದೆಯೇ, ಒಂದು ಪುಟ ಪ್ರಿಂಟ್ ಆಗುತ್ತದೆಯೇ ಎಂದು ನೋಡಿಕೊಂಡೇ ಹಣ ಕೊಡಿ.