ಸೋಲಾರ್ ಹಾಕಿಸುವ ಮೊದಲು ಪ್ಯಾನಲ್‌ನ ಒಳಗೇನಿದೆ ಕೇಳಿ

ಮನೆ ಮೇಲೆ ಸೋಲಾರ್ ಹಾಕಿಸಬೇಕು ಅಂತಿರುವವರು ದಯವಿಟ್ಟು ಓದಿ. ನನಗೆ ಬರಬೇಕಿದ್ದ 78,000 ರೂಪಾಯಿ ಕೈತಪ್ಪಿದೆ.

ನಮ್ಮದು ತುಮಕೂರು. ತಿಂಗಳಿಗೆ 300 ಯೂನಿಟ್ ದಾಟುವುದರಿಂದ ಗೃಹಜ್ಯೋತಿ ಸಿಗುವುದಿಲ್ಲ, ಬಿಲ್ ಪೂರ್ತಿ ಕಟ್ಟಬೇಕು. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000 ಸಬ್ಸಿಡಿ. ಅದಕ್ಕಿಂತ ದೊಡ್ಡದು ಹಾಕಿಸಿದರೂ 78,000 ಅಷ್ಟೇ. ಹಾಗಾಗಿ 3 ಕಿಲೋವ್ಯಾಟ್ ಸಾಕು ಅಂದುಕೊಂಡೆ.

ಪರಿಚಯದವರೊಬ್ಬರು ವೆಂಡರನ್ನು ಕಳಿಸಿದರು. "ಈಗ ಪೂರ್ತಿ ದುಡ್ಡು ಕೊಡಿ ಸರ್, ಸಬ್ಸಿಡಿ ಆಮೇಲೆ ನಿಮ್ಮ ಅಕೌಂಟಿಗೇ ಬೀಳುತ್ತೆ" ಅಂದರು. ಸಬ್ಸಿಡಿ ಬರುವುದೇನೋ ಹಾಗೆಯೇ. ನಂಬಿ 1,90,000 ಕೊಟ್ಟುಬಿಟ್ಟೆ.

ಪ್ಯಾನಲ್ ಇಳಿಸಿದ ದಿನ ಸ್ಟಿಕ್ಕರ್ ನೋಡಿದೆ. 'ಮೇಡ್ ಇನ್ ಇಂಡಿಯಾ' ಅಂತಿತ್ತು. ಸಮಾಧಾನವಾಯಿತು. ನಾನು ಎಡವಿದ್ದು ಅಲ್ಲೇ. ಸಬ್ಸಿಡಿ ಬೇಕಾದರೆ ಪ್ಯಾನಲ್ ಇಲ್ಲಿ ಜೋಡಿಸಿದ್ದರೆ ಸಾಲದು, ಒಳಗಿನ ಸೆಲ್‌ಗಳೂ ಇಲ್ಲೇ ತಯಾರಾಗಿರಬೇಕು. ಡಿಸಿಆರ್ ಪ್ಯಾನಲ್ ಅನ್ನುವುದು ಇದಕ್ಕೇ. ಹೊರದೇಶದ ಸೆಲ್ ಇರುವ ಪ್ಯಾನಲ್ ಅಗ್ಗ. ನಮಗೆ ಹಾಕಿದ್ದು ಅದನ್ನೇ.

ಡಿಸಿಆರ್ ಸರ್ಟಿಫಿಕೇಟ್ ಕೇಳಿದಾಗಿನಿಂದ "ನಾಳೆ ಕಳಿಸ್ತೀವಿ ಸರ್" ಶುರುವಾಯಿತು. ಎರಡು ತಿಂಗಳಾದ ಮೇಲೆ ಫೋನ್ ಎತ್ತುವುದೂ ನಿಂತಿತು. ಕೊನೆಗೆ ನಾನೇ ಟೆರೇಸ್ ಮೇಲೆ ಅಂಗಾತ ಮಲಗಿ, ಪ್ಯಾನಲ್ ಕೆಳಗೆ ತೂರಿ, ಮೊಬೈಲ್ ಟಾರ್ಚ್ ಬಿಟ್ಟುಕೊಂಡು ಒಂದೊಂದೇ ಸೀರಿಯಲ್ ನಂಬರ್ ಬರೆದುಕೊಂಡೆ. ಪ್ಯಾನಲ್ ತಯಾರಿಸಿದ ಕಂಪನಿಗೆ ಕೇಳಿದರೆ, ಆ ಮಾಲು ಡಿಸಿಆರ್ ಅಲ್ಲ ಅಂದರು. ಇದೇ ಕೆಲಸವನ್ನು ಪ್ಯಾನಲ್ ನೆಲದ ಮೇಲಿದ್ದಾಗ ಮಾಡಿದ್ದರೆ ಐದು ನಿಮಿಷ ಸಾಕಿತ್ತು. ಸರ್ಟಿಫಿಕೇಟಿನಲ್ಲಿ ಸೀರಿಯಲ್ ನಂಬರ್‌ಗಳು ಇರುತ್ತವೆ. ಅದನ್ನು ಕೈಯಲ್ಲಿ ಹಿಡಿದು ತಾಳೆ ನೋಡಿದ ಮೇಲೇ ಮೇಲಕ್ಕೆ ಏರಿಸಲು ಬಿಡಿ. ನೆಟ್ ಮೀಟರ್ (ಲೈನಿನಿಂದ ಬಳಸಿದ ಕರೆಂಟನ್ನೂ ಲೈನಿಗೆ ಕೊಟ್ಟ ಕರೆಂಟನ್ನೂ ಎಣಿಸುವ ಮೀಟರ್) ಕೂರುವ ತನಕ ಕೊನೆಯ ಕಂತು ಕೊಡಲೇಬೇಡಿ.

ಇನ್ನೊಂದು ಮಾತು. ಕರೆಂಟ್ ಹೋದಾಗ ಸೋಲಾರ್ ಇದೆಯಲ್ಲ ಅಂದುಕೊಳ್ಳಬೇಡಿ. ಬ್ಯಾಟರಿ ಇಲ್ಲದ ಆನ್‌ಗ್ರಿಡ್, ಅಂದರೆ ಕರೆಂಟ್ ಲೈನಿಗೇ ಜೋಡಿಸಿದ ಸೋಲಾರ್ ಆದರೆ ಅದೂ ಆಫ್ ಆಗುತ್ತದೆ. ಲೈನಿನಲ್ಲಿ ಕೆಲಸ ಮಾಡುವವರಿಗೆ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿರುತ್ತಾರೆ. ಇದನ್ನೂ ನಮಗೆ ಯಾರೂ ಹೇಳಿರಲಿಲ್ಲ.

ಬಿಸಿಲಿದ್ದ ದಿನ 12 ಯೂನಿಟ್ ಬರುತ್ತಿದೆ, ಅದಕ್ಕೆ ತಕರಾರಿಲ್ಲ. ಈಗ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಕಾಗದ ಜೋಡಿಸುತ್ತಿದ್ದೇನೆ. ಕೊಟೇಶನ್ ತೆಗೆದು ಮತ್ತೆ ಮತ್ತೆ ಓದಿದೆ. ಡಿಸಿಆರ್ ಅನ್ನುವ ಪದ ಎಲ್ಲೂ ಇಲ್ಲ. ನಿಮ್ಮದರಲ್ಲಿ ಇದೆಯಾ, ಸಹಿ ಹಾಕುವ ಮೊದಲು ನೋಡಿ.