ಬೀಮ್‌ಎನ್‌ಜಿ ಡ್ರೈವ್: ಸ್ವಂತ ಗಾಡಿ ಕಟ್ಟಬೇಕು ಅನ್ನುವವರಿಗೆ ಒಂದು ವಿಮರ್ಶೆ

ಬೀಮ್‌ಎನ್‌ಜಿ ಡ್ರೈವ್ ಅನ್ನುವ ಗಾಡಿ ಓಡಿಸುವ ಕಂಪ್ಯೂಟರ್ ಆಟ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಕಾರು ನಜ್ಜುಗುಜ್ಜಾಗುವ ವಿಡಿಯೊಗಳು. ನಾನು ಕೆಲವು ವರ್ಷಗಳಿಂದ ಇದನ್ನು ಬಳಸುತ್ತಿರುವುದು ಗುದ್ದಿಸುವುದಕ್ಕಲ್ಲ, ಕಟ್ಟುವುದಕ್ಕೆ. ಚಿಕ್ಕಬಳ್ಳಾಪುರದ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಒಂದು ಮಾರುತಿ ಓಮ್ನಿ ನಿಧಾನವಾಗಿ ತಯಾರಾಗುತ್ತಿದೆ. ಸುಮ್ನೆ ಓಡಿಸಿ ಖುಷಿ ಪಡುವವರಿಗೆ ಬೇರೆ ವಿಮರ್ಶೆಗಳು ಬೇಕಾದಷ್ಟಿವೆ. ಇದು ಸ್ವಂತ ಗಾಡಿ ಮಾಡುವವರಿಗೆ.

ಓಮ್ನಿಯೇ ಯಾಕೆ? ನಮ್ಮ ಕಡೆ ಅದು ದುಡಿಯುವ ಗಾಡಿ. ಬೆಳಗಿನ ಜಾವ ಸೇವಂತಿಗೆ ಮೂಟೆ ಹೇರಿಕೊಂಡು ಹೂವಿನ ಮಾರ್ಕೆಟ್ಟಿಗೆ ಹೋಗುತ್ತದೆ, ರೇಷ್ಮೆ ಗೂಡು ತುಂಬಿಕೊಂಡು ಶಿಡ್ಲಘಟ್ಟಕ್ಕೆ ಹೋಗುತ್ತದೆ, ಮದುವೆ ಬಂದರೆ ಮನೆಮಂದಿಯನ್ನೆಲ್ಲ ಕೂರಿಸಿಕೊಳ್ಳುತ್ತದೆ. 1984ರಲ್ಲಿ ಮಾರುತಿ ವ್ಯಾನ್ ಆಗಿ ಬಂದು, 1988ರಲ್ಲಿ ಓಮ್ನಿ ಅಂತ ಹೆಸರಾಗಿ, 2019ರಲ್ಲಿ ತಯಾರಿಕೆ ನಿಂತಿತು. ಆಟದ ಜೊತೆ ಬರುವ ಗಾಡಿಗಳೆಲ್ಲ ಇಬಿಶು, ಗ್ಯಾವ್ರಿಲ್, ಇಟಿಕೆ ಮುಂತಾದ ಕಲ್ಪನೆಯ ಕಂಪನಿಗಳವು. ನಮ್ಮ ರಸ್ತೆಯ ಗಾಡಿ ಬೇಕು ಅಂದರೆ ನಾವೇ ಕಟ್ಟಬೇಕು.

ಕಟ್ಟುವುದು ಅನ್ನುವ ಮಾತು ಇಲ್ಲಿ ನಿಜಕ್ಕೂ ಸರಿ. ಎಷ್ಟೋ ಆಟಗಳಲ್ಲಿ ಹೊರಮೈ ಚೆನ್ನಾಗಿ ಮಾಡಿ, ಚಕ್ರ ಕೂರಿಸಿ, ಒಂದಷ್ಟು ಅಂಕಿ ತುಂಬಿದರೆ ಗಾಡಿ ಓಡುತ್ತದೆ. ಇಲ್ಲಿ ಹೊರಮೈ ಬರೀ ಹೊದಿಕೆ. ಒಳಗೆ ನೋಡ್ ಮತ್ತು ಬೀಮ್‌ಗಳ ಚೌಕಟ್ಟು ಇರಬೇಕು. ನೋಡ್ ಅಂದರೆ ಕಿಲೋಗ್ರಾಂ ಲೆಕ್ಕದಲ್ಲಿ ತೂಕ ಇರುವ ಒಂದು ಬಿಂದು. ಬೀಮ್ ಅಂದರೆ ಎರಡು ನೋಡ್‌ಗಳ ನಡುವಿನ, ಸ್ಪ್ರಿಂಗ್ ಗುಣ ಇರುವ ಕಡ್ಡಿ. ಅದು ಎಷ್ಟು ಬಿಗಿ, ಅದರ ಅಲುಗಾಟ ಎಷ್ಟು ಬೇಗ ನಿಲ್ಲಬೇಕು, ಎಷ್ಟು ಬಲ ಬಿದ್ದರೆ ಬಾಗಬೇಕು, ಎಷ್ಟು ಬಿದ್ದರೆ ಮುರಿಯಬೇಕು ಎಂದು ನಾವೇ ಬರೆಯಬೇಕು. ಆಟ ಇದನ್ನೆಲ್ಲ ಸೆಕೆಂಡಿಗೆ 2000 ಸಲ ಲೆಕ್ಕ ಹಾಕುತ್ತದೆ. ಹಬ್ಬಕ್ಕೆ ಚಪ್ಪರ ಹಾಕಿದ ಹಾಗೆ, ಮೊದಲು ಗಳು ನಿಲ್ಲಬೇಕು, ಗರಿ ಆಮೇಲೆ.

ಈ ಚೌಕಟ್ಟೆಲ್ಲ ಇರುವುದು ಜೆಬೀಮ್ ಅನ್ನುವ ಸಾದಾ ಅಕ್ಷರದ ಫೈಲಿನಲ್ಲಿ. ನೋಟ್‌ಪ್ಯಾಡ್ ಸಾಕು. ಆಟಕ್ಕೆ ನಾವು ಸೇರಿಸುವ ಗಾಡಿಯಂಥವುಗಳಿಗೆ ಮೋಡ್ ಅನ್ನುತ್ತಾರೆ; ಅವನ್ನಿಡುವ ಮೋಡ್ಸ್ ಫೋಲ್ಡರಿನ ಒಳಗಿನ ಅನ್‌ಪ್ಯಾಕ್ಡ್‌ನಲ್ಲಿ ಇಟ್ಟುಕೊಂಡು, ಒಂದು ಅಂಕಿ ಬದಲಾಯಿಸಿ, ಆಟದಲ್ಲಿ ಕಂಟ್ರೋಲ್ ಆರ್ ಒತ್ತಿದರೆ ಹೊಸ ಗಾಡಿ ಕಣ್ಣೆದುರು ನಿಲ್ಲುತ್ತದೆ. ಕಂಟ್ರೋಲ್ ಹಿಡಿದು ಮೌಸಿನಿಂದ ಯಾವುದೇ ನೋಡ್ ಹಿಡಿದು ಎಳೆದು ನೋಡಬಹುದು, ಯಾವ ಭಾಗ ಸಡಿಲ ಎಂದು ತಕ್ಷಣ ಗೊತ್ತಾಗುತ್ತದೆ. ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಇದೇ. ಬರೆದದ್ದಕ್ಕೂ ಕಂಡದ್ದಕ್ಕೂ ನಡುವೆ ಕಾಯುವಿಕೆ ಇಲ್ಲ.

ಅಳತೆಗಾಗಿ ಊರಿನ ಒಂದು ಗ್ಯಾರೇಜಿಗೆ ಹೋಗಿದ್ದೆ. ಉದ್ದ 3370 ಮಿ.ಮೀ., ಅಗಲ 1410, ಎರಡು ಆಕ್ಸಲ್ ನಡುವೆ 1840. ಇವು ಎಲ್ಲಾದರೂ ಸಿಗುತ್ತವೆ. ಸಿಗದೇ ಇರುವುದು ಸೀಟಿನ ಕೆಳಗಿನ ಅಳತೆ. ಓಮ್ನಿಯ 796 ಸಿಸಿ ಎಂಜಿನ್ ಇರುವುದೇ ಮುಂದಿನ ಸೀಟಿನ ಅಡಿಯಲ್ಲಿ, ಓಡಿಸುವುದು ಹಿಂದಿನ ಚಕ್ರ. ಮೆಕ್ಯಾನಿಕ್ ಅಣ್ಣ ಸೀಟು ಎತ್ತಿ ತೋರಿಸಿ, "ಖಾಲಿ ಓಮ್ನಿನೇ ಬೇರೆ, ಲೋಡ್ ಓಮ್ನಿನೇ ಬೇರೆ ಕಣಪ್ಪಾ. ಎರಡೂ ನೋಡ್ಕೊಂಡು ಮಾಡು" ಅಂದರು. ಅಲ್ಲಿಂದ ನನ್ನ ಕೆಲಸದ ದಾರಿಯೇ ಸ್ಪಷ್ಟವಾಯಿತು. ಎಂಜಿನ್ನಿನ ನೋಡ್‌ಗಳನ್ನು ಒಂದು ಗೇಣು ಹಿಂದೆ ಮುಂದೆ ಸರಿಸಿದರೂ ಬ್ರೇಕ್ ಹಾಕಿದಾಗ ಮೂಗು ತಗ್ಗುವ ರೀತಿ ಬದಲಾಗುತ್ತದೆ. ಹಿಂದೆ ಮೂಟೆಗಳ ತೂಕ ಇಟ್ಟರೆ ಲೀಫ್ ಸ್ಪ್ರಿಂಗ್ ಕೂರುತ್ತದೆ, ಮುಂದಿನ ಚಕ್ರದ ಹಿಡಿತ ಕಡಿಮೆಯಾಗುತ್ತದೆ. ಆಟದ ಇಟಲಿ ಮ್ಯಾಪಿನ ಬೆಟ್ಟದ ರಸ್ತೆಯಲ್ಲಿ ಹೀಗೆ ಲೋಡ್ ಮಾಡಿ ಇಳಿಸಿದರೆ ನಂದಿ ಬೆಟ್ಟ ಇಳಿಯುವಾಗ ಆಗುವ ಅದೇ ಎಚ್ಚರ ಕೈಗೆ ಬರುತ್ತದೆ.

ಜಾರುವ ಬಾಗಿಲಿನ ಬಗ್ಗೆ ಬೇರೆಯಾಗಿ ಹೇಳಲೇಬೇಕು. ಜೆಬೀಮ್‌ನಲ್ಲಿ ರೈಲ್ ಮತ್ತು ಸ್ಲೈಡ್‌ನೋಡ್ ಅಂತ ಎರಡು ಸೌಲಭ್ಯಗಳಿವೆ. ಕೆಲವು ನೋಡ್‌ಗಳನ್ನು ಸಾಲಾಗಿ ಹಳಿ ಎಂದು ಗುರುತಿಸಿ, ಬಾಗಿಲಿನ ನೋಡ್ ಆ ಹಳಿಯ ಮೇಲೇ ಜಾರುವಂತೆ ಕಟ್ಟಬಹುದು. ಬಾಗಿಲು ಹಾಕಿದಾಗ ಹಿಡಿದುಕೊಳ್ಳಲು ಕಪ್ಲರ್ ಇದೆ. ಬದಿಗೆ ಗಾಡಿ ಗುದ್ದಿತು ಅಂದುಕೊಳ್ಳಿ. ಹಳಿಯ ನೋಡ್‌ಗಳು ಜಾಗ ಬಿಟ್ಟು ಸರಿಯುತ್ತವೆ, ಬಾಗಿಲು ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. "ಗುದ್ದಿದರೆ ಬಾಗಿಲು ಸಿಕ್ಕಿಕೊಳ್ಳಲಿ" ಎಂದು ಯಾರೂ ಎಲ್ಲೂ ಬರೆದಿಲ್ಲ, ಕಟ್ಟಿದ ರೀತಿಯಿಂದಲೇ ಅದು ಬಂತು. ಇದನ್ನು ನೋಡಿದಾಗ ಆದ ಸಂತೋಷ ದೊಡ್ಡದು.

ಕಷ್ಟಗಳೂ ಇವೆ. ಹಗುರ ನೋಡಿಗೆ ತುಂಬಾ ಬಿಗಿ ಬೀಮ್ ಕಟ್ಟಿದರೆ ಗಾಡಿ ನಡುಗಲು ಶುರುವಾಗಿ ಕೊನೆಗೆ ಚೆಲ್ಲಾಪಿಲ್ಲಿ ಆಗುತ್ತದೆ, ಆಟವೂ ಅಸ್ಥಿರತೆಯ ಸೂಚನೆ ಕೊಡುತ್ತದೆ. ತೂಕಕ್ಕೆ ತಕ್ಕ ಬಿಗಿ ಹುಡುಕುವುದಕ್ಕೆ ತಾಳ್ಮೆ ಬೇಕೇ ಬೇಕು. ಅಧಿಕೃತ ವಿವರಣೆ ಚೆನ್ನಾಗಿದೆ, ಆದರೆ ಇಂಗ್ಲಿಷಿನಲ್ಲಿದೆ. ನನ್ನ ಸಲಹೆ ಕೇಳಿದರೆ, ಆಟದ ಗಾಡಿಗಳ ಜಿಪ್ ಬಿಚ್ಚಿ ಓದಿ. ಓಮ್ನಿಯಂಥ ಗಾಡಿಗೆ ಇಬಿಶು ಪಿಜನ್ ಅನ್ನುವ ಮೂರು ಚಕ್ರದ ಸಣ್ಣ ಗಾಡಿ ಒಳ್ಳೆಯ ಪಾಠ. ಅದರಲ್ಲಿ ನಾಲ್ಕು ಚಕ್ರದ ರೂಪವೂ ಇದೆ.

2015ರಿಂದ ಸ್ಟೀಮ್‌ನಲ್ಲಿ ಅರ್ಲಿ ಆಕ್ಸೆಸ್ ಆಗಿ, ಅಂದರೆ ಪೂರ್ತಿ ಮುಗಿಯುವ ಮೊದಲೇ, ಈ ಆಟ ಸಿಗುತ್ತಿದೆ. ಒಮ್ಮೆ ಕೊಂಡರೆ ಆಟದ ಅಪ್‌ಡೇಟ್‌ಗಳಿಗೆ ಮತ್ತೆ ದುಡ್ಡಿಲ್ಲ. ಆದರೆ ದೊಡ್ಡ ಅಪ್‌ಡೇಟ್ ಬಂದಾಗ ಹಳೆಯ ಮೋಡ್ ಕೆಡಬಹುದು, ಆದ್ದರಿಂದ ಪ್ರತಿ ಸಲ ಪರೀಕ್ಷೆ ಮಾಡಿ, ಒಂದು ಪ್ರತಿ ಬೇರೆ ಇಟ್ಟುಕೊಳ್ಳಿ. ಪ್ರೊಸೆಸರ್ ಮೇಲೆ ಭಾರ ಜಾಸ್ತಿ. ಒಂದೇ ಗಾಡಿ ಇಟ್ಟುಕೊಂಡು ಕಟ್ಟುವಾಗ ತೊಂದರೆ ಇಲ್ಲ, ರಸ್ತೆಗೆ ಬೇರೆ ಗಾಡಿಗಳ ಟ್ರಾಫಿಕ್ಕನ್ನೂ ಸೇರಿಸಿದರೆ ಹಳೇ ಲ್ಯಾಪ್‌ಟಾಪ್ ಸುಸ್ತಾಗುತ್ತದೆ.

ಹೊರಮೈ ಮಾಡಲು ನಾನು ಬಳಸುವುದು ಬ್ಲೆಂಡರ್ ಅನ್ನುವ ತ್ರೀಡಿ ಸಾಫ್ಟ್‌ವೇರ್. ಉಚಿತ, ಸಾಕಷ್ಟು ಸಮರ್ಥ. ಒಂದು ಮಾತು ನೆನಪಿರಲಿ: 5.0 ಆವೃತ್ತಿಯಿಂದ ಅದರಲ್ಲಿ ಮಾಡೆಲನ್ನು ಡಿಎಇ ಫೈಲ್ ಆಗಿ ಉಳಿಸುವ ಕೊಲ್ಲಾಡಾ ಸೌಲಭ್ಯ ಇಲ್ಲ. ಡಿಎಇ ಫೈಲ್ ಬೇಕಾದವರು 4.5 ಅನ್ನು ತೆಗೆಯಬೇಡಿ. ಬ್ಲೆಂಡರ್ ಬೇಡ ಅನ್ನುವವರಿಗೆ ಆಟೊಮೇಷನ್ ಅನ್ನುವ ಇನ್ನೊಂದು ಆಟದಿಂದ ನೇರವಾಗಿ ಕಾರು ತರುವ ದಾರಿ ಇದೆ. ಅಲ್ಲಿ ಸಿಗುವ ಬಾಡಿಗಳಲ್ಲೇ ಆರಿಸಿಕೊಳ್ಳಬೇಕು, ಆದ್ದರಿಂದ ಒಂದು ನಿರ್ದಿಷ್ಟ ಗಾಡಿಯನ್ನು ಇದ್ದ ಹಾಗೇ ತರಬೇಕು ಅನ್ನುವವರಿಗೆ ಅದು ಆಗದು. ಬೇರೆ ಆಟದಿಂದ ಕಿತ್ತು ತಂದ ಮಾಡೆಲ್ ಮಾತ್ರ ಬೇಡವೇ ಬೇಡ. ಇನ್ನೊಬ್ಬರ ದುಡಿಮೆ ಅದು, ಆಟದ ಅಧಿಕೃತ ಮೋಡ್ ಸಂಗ್ರಹದಲ್ಲೂ ಅಂಥದ್ದನ್ನು ತೆಗೆದುಕೊಳ್ಳುವುದಿಲ್ಲ.

ನನ್ನ ಓಮ್ನಿ ಈಗ ನಾಲ್ಕು ಗೇರಿನಲ್ಲಿ ಓಡುತ್ತಿದೆ. ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) ಪಟ್ಟಿಯಲ್ಲಿ 2500 ಆರ್‌ಪಿಎಂಗೆ 59 ಎನ್‌ಎಂ ಇಟ್ಟಿದ್ದೇನೆ. ಮುಂದೆ ಮೊದಲ ಕಾಲದ ಮಾರುತಿ ವ್ಯಾನ್ ರೂಪವನ್ನೂ ಸೇರಿಸುವ ಆಸೆ ಇದೆ. ಚಿಕ್ಕಬಳ್ಳಾಪುರ, ಕೋಲಾರ ಕಡೆ ಯಾರ ಮನೆಯಲ್ಲಾದರೂ ಆ ಹಳೇ ಗಾಡಿ ಇದ್ದರೆ, ಡ್ಯಾಶ್‌ಬೋರ್ಡಿನ ಫೋಟೊ ಮತ್ತು ಅಳತೆ ಕಳಿಸಿದರೆ ತುಂಬಾ ಉಪಕಾರ. ಟೇಪು ಫೋಟೊದಲ್ಲೇ ಕಾಣುವಂತೆ ಇಟ್ಟು ತೆಗೆಯಿರಿ.