ಟಿಜಿ-6ರಿಂದ ಡಿ7200ಕ್ಕೆ: ನೀರಿನಡಿಯ ಮ್ಯಾಕ್ರೋಗೆ ಯಾವುದು?

ಮೊದಲೇ ಹೇಳಿಬಿಡುತ್ತೇನೆ. ಮ್ಯಾಕ್ರೋ ಅಂದರೆ ಸಣ್ಣ ಪ್ರಾಣಿಗಳನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವುದು. ಕೂತ ಜಾಗದಲ್ಲೇ ಕೂತಿರುವ ಪ್ರಾಣಿಗೆ ಕಾಂಪ್ಯಾಕ್ಟ್ (ಕೈಯಲ್ಲಿ ಹಿಡಿಯುವ ಸಣ್ಣ ಕ್ಯಾಮೆರಾ) ಸಾಕು. ಬೆದರಿ ಓಡುವ, ಬಿಲಕ್ಕೆ ನುಗ್ಗುವ ಪ್ರಾಣಿ ಬೇಕೆಂದರೆ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ). ಮೆಗಾಪಿಕ್ಸೆಲ್ ಲೆಕ್ಕ ಆಮೇಲೆ. ನೇತ್ರಾಣಿ ದ್ವೀಪದಲ್ಲೂ ಅಂಡಮಾನಿನ ಹ್ಯಾವ್‌ಲಾಕ್‌ನಲ್ಲೂ (ಈಗಿನ ಸ್ವರಾಜ್ ದ್ವೀಪ) ಎರಡನ್ನೂ ನೀರಿಗಿಳಿಸಿ ನೋಡಿದ ಮೇಲೆ ನನಗೆ ಅನಿಸಿದ್ದು ಇದು.

ಒಂದು ಕಡೆ ಒಲಿಂಪಸ್ ಟಿಜಿ-6, ಅದರ ಪ್ಲಾಸ್ಟಿಕ್ ಹೌಸಿಂಗ್ (ನೀರು ಒಳಬಿಡದ ಹೊರಕವಚ), ಒಂದು ಸ್ಟ್ರೋಬ್ (ನೀರಿನಡಿ ಬಳಸುವ ಫ್ಲ್ಯಾಶ್). ಇನ್ನೊಂದು ಕಡೆ ನಿಕಾನ್ ಡಿ7200, ಅಲ್ಯುಮಿನಿಯಂ ಹೌಸಿಂಗ್, ಲೆನ್ಸಿನ ಮುಂದೆ ಕೂರುವ ಚಪ್ಪಟೆ ಗಾಜಿನ ಪೋರ್ಟ್, 60 ಎಂಎಂ ಮತ್ತು 105 ಎಂಎಂ ಮ್ಯಾಕ್ರೋ ಲೆನ್ಸ್, ಎರಡು ಸ್ಟ್ರೋಬ್. ಮೊದಲನೆಯದು ಒಂದು ಕೈಯಲ್ಲಿ ಹಿಡಿಯುತ್ತದೆ. ಎರಡನೆಯದಕ್ಕೆ ಎರಡೂ ಕೈ ಬೇಕು, ದೋಣಿಯಿಂದ ಅದನ್ನು ಇಳಿಸಿಕೊಡಲು ಇನ್ನೊಬ್ಬರೂ ಬೇಕು.

ಡಿಎಸ್‌ಎಲ್‌ಆರ್ ಬಂದರೆ ಸಣ್ಣದೆಲ್ಲ ದೊಡ್ಡದಾಗಿ ಸಿಗುತ್ತದೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ನಿಜ ಉಲ್ಟಾ. 60 ಆಗಲಿ 105 ಆಗಲಿ, ಲೆನ್ಸ್ ಕೊಡುವುದು 1:1, ಅಂದರೆ ಪ್ರಾಣಿ ಸೆನ್ಸರಿನ ಮೇಲೆ ತನ್ನ ನಿಜ ಗಾತ್ರದಲ್ಲೇ ಮೂಡುತ್ತದೆ. ಡಿ7200ರ ಸೆನ್ಸರ್ ಅಗಲ 23.5 ಮಿ.ಮೀ. ಅಂದರೆ ಸುಮಾರು ಎರಡೂವರೆ ಸೆಂಟಿಮೀಟರಿನ ಪ್ರಾಣಿ ಫ್ರೇಮ್ ತುಂಬುತ್ತದೆ. ಅಕ್ಕಿಕಾಳಿನಷ್ಟಿರುವ ಸಿಗಡಿ ಫ್ರೇಮಿನ ಮಧ್ಯೆ ಒಂಟಿಯಾಗಿ ಕೂತಿರುತ್ತದೆ. ಟಿಜಿ-6ರ ಮೈಕ್ರೋಸ್ಕೋಪ್ ಮೋಡ್ ಲೆನ್ಸ್‌ನಿಂದ ಒಂದು ಸೆಂ.ಮೀ. ದೂರಕ್ಕೂ ಫೋಕಸ್ ಮಾಡುತ್ತದೆ. ಅದೇ ಸಿಗಡಿಯನ್ನು ಪೂರ್ತಿ ಫ್ರೇಮಿಗೆ ಎಳೆದು ತರುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ಅಷ್ಟು ದೊಡ್ಡದು ಬೇಕಾದರೆ ಪೋರ್ಟ್ ಮುಂದೆ ವೆಟ್ ಲೆನ್ಸ್ (ನೀರಿನೊಳಗೇ ಹೊರಗಿನಿಂದ ಕೂರಿಸುವ ಹೆಚ್ಚುವರಿ ಲೆನ್ಸ್) ಹಾಕಬೇಕು. ಅದು ಮತ್ತೊಂದು ಖರ್ಚು.

ಆದರೆ ಆ ಒಂದು ಸೆಂ.ಮೀ.ನಲ್ಲಿ ಒಂದು ಪಾಲನ್ನು ಹೌಸಿಂಗಿನ ಗಾಜೇ ತಿನ್ನುತ್ತದೆ. ಗಾಜು ಪ್ರಾಣಿಯ ಮೂಗಿಗೆ ತಾಗುವಷ್ಟು ಹತ್ತಿರ ಹೋಗಬೇಕು. ಅಲ್ಲಿ ಕ್ಯಾಮೆರಾದ್ದೇ ನೆರಳು ಬಿದ್ದು ಸ್ಟ್ರೋಬಿನ ಬೆಳಕು ಒಳಗೆ ಹೋಗುವುದಿಲ್ಲ. ಚಿಪ್ಪಿಲ್ಲದ ಬಸವನಹುಳುವಿನಂಥ ನುಡಿಬ್ರ್ಯಾಂಕ್ ಇದನ್ನೆಲ್ಲ ಸಹಿಸಿಕೊಳ್ಳುತ್ತದೆ. ಮೀನು ಸಹಿಸುವುದಿಲ್ಲ.

ಹ್ಯಾವ್‌ಲಾಕ್‌ನ ಮರಳು ತಳದಲ್ಲಿ ಗೋಬಿ ಮೀನು ಮತ್ತು ಸಿಗಡಿ ಒಂದೇ ಬಿಲದಲ್ಲಿ ಸಂಸಾರ ಮಾಡುತ್ತವೆ. ಸಿಗಡಿಗೆ ಕಣ್ಣು ಮಂದ. ಅದು ದಿನವಿಡೀ ಮರಳು ತಳ್ಳುತ್ತಾ ಬಿಲ ತೋಡುತ್ತದೆ, ಒಂದು ಮೀಸೆಯನ್ನು ಮಾತ್ರ ಗೋಬಿಯ ಬಾಲದ ಮೇಲೆ ಇಟ್ಟಿರುತ್ತದೆ. ಗೋಬಿ ಬಾಗಿಲಲ್ಲಿ ಕಾವಲು. ಅಪಾಯ ಕಂಡರೆ ಬಾಲ ಅಲುಗಿಸುತ್ತದೆ, ಎರಡೂ ಮಾಯ. ಟಿಜಿ-6 ಹಿಡಿದು ಹೋದರೆ ಮೀಸೆ ಕಾಣುವಷ್ಟು ಹತ್ತಿರ ಬರುವ ಮೊದಲೇ ಬಿಲ ಖಾಲಿ. 105 ಎಂಎಂ ಇಲ್ಲಿ ಬೇರೆಯೇ ಆಟ. ಒಂದಡಿ ದೂರದಲ್ಲಿ ಮರಳಿನ ಮೇಲೆ ಅಲುಗದೆ ಮಲಗಿ, ಉಸಿರನ್ನು ನಿಧಾನಕ್ಕೆ ಬಿಡುತ್ತಾ ಕಾದರೆ ಮೊದಲು ಗೋಬಿಯ ತಲೆ ಬರುತ್ತದೆ. ಆಮೇಲೆ ಒಂದಿಷ್ಟು ಮರಳು ತಳ್ಳಿಕೊಂಡು ಸಿಗಡಿ. ಮೀಸೆ ಬಾಲಕ್ಕೆ ತಾಗಿದ ಕ್ಷಣದಲ್ಲಿ ಬಟನ್ ಒತ್ತಿದರೆ ಆ ಕ್ಷಣವೇ ಚಿತ್ರದಲ್ಲಿರುತ್ತದೆ. ಮಂದ ಬೆಳಕಿನಲ್ಲಿ ಕಾಂಪ್ಯಾಕ್ಟ್ ಫೋಕಸ್ಸಿಗೆ ಹಿಂದೆ ಮುಂದೆ ತಡಕಾಡುತ್ತಿರುವಾಗ ಸಿಗಡಿ ಒಳಗೆ ಹೋಗಿ ಇನ್ನೊಂದು ಸುತ್ತು ಮರಳು ತಂದಿರುತ್ತದೆ. ನನಗೆ ಡಿಎಸ್‌ಎಲ್‌ಆರ್ ಖರ್ಚು ಸಮರ್ಥನೆ ಆಗಿದ್ದು ಈ ಒಂದು ಚಿತ್ರದಿಂದ.

ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯ ವಿಷಯದಲ್ಲೂ ಅಂತರ ದೊಡ್ಡದು (ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಸಣ್ಣದು). ಟಿಜಿ-6ರಲ್ಲಿ ಜೂಮ್ ಮಾಡದ ವೈಡ್ ತುದಿಯಲ್ಲಿ ಸಿಗುವುದು ಎಫ್/2, ಎಫ್/2.8, ಎಫ್/8 ಅಷ್ಟೇ. ಆ ಎಫ್/8 ಕೂಡ ಎನ್‌ಡಿ ಫಿಲ್ಟರ್ ಅಡ್ಡ ಬಂದು ಬೆಳಕು ತಗ್ಗಿಸುವುದು, ಫೋಕಸ್ಸಿನ ಆಳ (ಹಿಂದೆ ಮುಂದೆ ಎಷ್ಟು ದೂರ ಚೂಪಾಗಿ ಬರುತ್ತದೆ ಅನ್ನುವುದು) ಹೆಚ್ಚಿಸುವುದಿಲ್ಲ. ಪೂರ್ತಿ ಮ್ಯಾನ್ಯುಯಲ್ ಮೋಡ್ ಇಲ್ಲ. ಡಿ7200ರಲ್ಲಿ 1/250 ಸೆಕೆಂಡ್, ಎಫ್/22, ಕಡಿಮೆ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಇಟ್ಟರೆ ಸುತ್ತಲಿನ ಹಸಿರು ನೀರು ಪೂರ್ತಿ ಕಪ್ಪಾಗುತ್ತದೆ. ಸ್ಟ್ರೋಬ್ ಬಿದ್ದ ಪ್ರಾಣಿ ಮಾತ್ರ ಉಳಿಯುತ್ತದೆ. ಎಫ್/5ಕ್ಕೆ ಬಂದರೆ ಕಣ್ಣೊಂದೇ ಚೂಪು, ಉಳಿದದ್ದೆಲ್ಲ ಮಸುಕು. ಈ ಆಯ್ಕೆಗೆ ಒಮ್ಮೆ ಒಗ್ಗಿದರೆ ವಾಪಸ್ ಹೋಗುವುದು ಕಷ್ಟ.

ಇನ್ನು ನೇತ್ರಾಣಿ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ಹೋಗುವ ದೋಣಿಗಳು ದೊಡ್ಡವಲ್ಲ. ಬಂಡೆಯ ಹತ್ತಿರ ಅಲೆಯ ಎಳೆತ ಇದ್ದೇ ಇರುತ್ತದೆ. ನೀರು ಕೆಲವು ದಿನ ತಿಳಿ, ಕೆಲವು ದಿನ ಗಂಜಿ. 1:1ರಲ್ಲಿ ಫೋಕಸ್ಸಿನ ಆಳ ಹೆಚ್ಚೆಂದರೆ ಒಂದೆರಡು ಮಿ.ಮೀ. ಮೈ ಅತ್ತಿತ್ತ ಓಲಾಡಿದರೆ ನುಡಿಬ್ರ್ಯಾಂಕಿನ ಕೊಂಬಿನ ಬದಲು ಹಿಂದಿನ ಬಂಡೆ ಚೂಪಾಗಿ ಬರುತ್ತದೆ. ಸಣ್ಣ ಸೆನ್ಸರಿನ ಟಿಜಿ-6ರಲ್ಲಿ ಆಳ ಸಹಜವಾಗಿಯೇ ಜಾಸ್ತಿ, ಹತ್ತರಲ್ಲಿ ನಾಲ್ಕಾದರೂ ಕೈಗೆ ಸಿಗುತ್ತವೆ. 105 ಎಂಎಂ ಅಂತೂ ಮಬ್ಬು ನೀರಿನಲ್ಲಿ ಬೇಡವೇ ಬೇಡ. ಲೆನ್ಸಿಗೂ ಪ್ರಾಣಿಗೂ ನಡುವೆ ನೀರು ಜಾಸ್ತಿಯಾದಷ್ಟೂ ತೇಲುವ ಕಸ ಹೊಳೆಯುತ್ತದೆ. ನೇತ್ರಾಣಿಗೆ ಡಿಎಸ್‌ಎಲ್‌ಆರ್ ಒಯ್ಯಲೇಬೇಕೆಂದರೆ 60 ಎಂಎಂ ಒಯ್ಯಿರಿ.

ಭಯದ ಲೆಕ್ಕವನ್ನೂ ಹಾಕಬೇಕಲ್ವಾ? ಟಿಜಿ-6 ಹೌಸಿಂಗ್ ಇಲ್ಲದೆಯೂ 15 ಮೀಟರ್ ತಡೆಯುತ್ತದೆ, ಹೌಸಿಂಗ್ ಜೊತೆ 45. ಹೌಸಿಂಗಿಗೆ ನೀರು ನುಗ್ಗದಂತೆ ತಡೆಯುವ ರಬ್ಬರ್ ಬಳೆಯ (ಓ-ರಿಂಗ್) ಮೇಲೆ ಒಂದು ಕೂದಲು ಕೂತು ನೀರು ಜಿನುಗಿದರೂ 15 ಮೀಟರಿನೊಳಗೆ ಕ್ಯಾಮೆರಾ ಬದುಕುತ್ತದೆ. ಡಿ7200ಕ್ಕೆ ಉಪ್ಪುನೀರು ತಾಗಿದರೆ ಮುಗಿಯಿತು. ಹೌಸಿಂಗಿನಲ್ಲಿ ವ್ಯಾಕ್ಯೂಮ್ ಚೆಕ್ ಇದ್ದರೆ ಮಾತ್ರ ನನಗೆ ಸಮಾಧಾನ. ಗಾಳಿ ಹೀರಿ, ಹಸಿರು ದೀಪ ಹತ್ತಿ, ತಿಂಡಿ ತಿಂದು ಬರುವವರೆಗೂ ಅದು ಹಸಿರಾಗೇ ಇರಬೇಕು. ಅದು ಕೆಂಪಾದ ದಿನ ಸುಮ್ನೆ ಕಾಂಪ್ಯಾಕ್ಟ್ ಹಿಡಿದು ಇಳಿಯುತ್ತೇನೆ.

ವಿಮಾನದಲ್ಲಿ ಕೈಚೀಲಕ್ಕೆ 7 ಕಿಲೋ ಮಿತಿ ಇರುವಾಗ ಡಿಎಸ್‌ಎಲ್‌ಆರ್ ಸೆಟ್ ಅದರಲ್ಲಿ ಹಿಡಿಯುವುದಿಲ್ಲ. ಪೋರ್ಟ್ ಬ್ಲೇರ್‌ಗೆ (ಈಗಿನ ಶ್ರೀ ವಿಜಯಪುರಂ) ಹೋಗುವಾಗ ಕ್ಯಾಮೆರಾ ಮತ್ತು ಲೆನ್ಸ್ ಕೈಯಲ್ಲಿ, ಹೌಸಿಂಗ್ ಬಟ್ಟೆಗಳ ಮಧ್ಯೆ ಚೆಕ್-ಇನ್ನಿನಲ್ಲಿ.

ಯಾರಾದರೂ ಕೇಳಿದರೆ ನಾನು ಹೇಳುವುದು: ಬರೀ ಕಾಂಪ್ಯಾಕ್ಟ್ ಇದ್ದು ಸ್ಟ್ರೋಬ್ ಇಲ್ಲದಿದ್ದರೆ ಮೊದಲು ಸ್ಟ್ರೋಬ್ ತಗೊಳ್ಳಿ. ಮೊದಲ ಕೆಲವು ಮೀಟರಿನಲ್ಲೇ ನೀರು ಕೆಂಪು ಬಣ್ಣ ನುಂಗಿಬಿಡುತ್ತದೆ. ಅದನ್ನು ವಾಪಸ್ ತರುವುದು ಬೆಳಕು, ಸೆನ್ಸರ್ ಅಲ್ಲ. ಆ ಸ್ಟ್ರೋಬ್ ಮುಂದೆ ಡಿಎಸ್‌ಎಲ್‌ಆರ್‌ಗೂ ಬರುತ್ತದೆ. ಡಿ7200ರ ಸ್ವಂತ ಫ್ಲ್ಯಾಶನ್ನು ಮ್ಯಾನ್ಯುಯಲ್ 1/128ಕ್ಕೆ ಇಟ್ಟು ಫೈಬರ್ ಕೇಬಲ್‌ನಿಂದ ಸ್ಟ್ರೋಬ್ ಉರಿಸಬಹುದು. ಅಷ್ಟು ಕಡಿಮೆ ಪವರಿನಲ್ಲಿ ಅದು ಚಾರ್ಜ್ ಆಗಲು ಕಾಯಬೇಕಿಲ್ಲ.

ಆಮೇಲೂ ಡಿಎಸ್‌ಎಲ್‌ಆರ್ ಬೇಕು ಅನಿಸಿದರೆ ಸೆಕೆಂಡ್ ಹ್ಯಾಂಡ್ ನೋಡಿ. ಎಲ್ಲರೂ ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಹೋಗುತ್ತಿರುವುದರಿಂದ ಹಳೆಯ ಹೌಸಿಂಗ್‌ಗಳು ಮಾರಾಟಕ್ಕೆ ಬರುತ್ತಿವೆ. ಒಂದು ಹೌಸಿಂಗ್ ಒಂದೇ ಮಾಡೆಲ್ಲಿಗೆ ಕೂರುತ್ತದೆ, ಹಾಗಾಗಿ ಮೊದಲು ಹೌಸಿಂಗ್ ಕೈಗೆ ಬರಲಿ, ಬಾಡಿ ಆಮೇಲೆ ಹುಡುಕಿ. ಮ್ಯಾಕ್ರೋ ಪೋರ್ಟ್ ಜೊತೆಗಿದೆಯಾ, ಅದು ನಿಮ್ಮ ಲೆನ್ಸಿನ ಉದ್ದಕ್ಕೆ ಹೊಂದುತ್ತದಾ, ಓ-ರಿಂಗ್ ಇನ್ನೂ ಸಿಗುತ್ತಾ, ಇಷ್ಟನ್ನು ದುಡ್ಡು ಕೊಡುವ ಮೊದಲೇ ಕೇಳಿ.